ಪುಣೆಯವರ ಎರಡು ಪುಟದ ಪತ್ರಕ್ಕೆ ಸಹಿ ಹಾಕುವ ಮುನ್ನ

ಪ್ರಶ್ನೆ: ಬೆಳಗಾವಿಯ ಹೊನಗಾ ಕೈಗಾರಿಕಾ ಪ್ರದೇಶದಲ್ಲಿ, ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕೊಟ್ಟ ನಿವೇಶನದಲ್ಲಿ, ನಮ್ಮದೊಂದು ಹೈಡ್ರಾಲಿಕ್ ಬಿಡಿಭಾಗಗಳ ಕಾರ್ಖಾನೆ ಇದೆ. 1996ರಲ್ಲಿ ನಾನು, ನನ್ನ ಅಣ್ಣ ಮತ್ತು ಒಬ್ಬ ಸ್ನೇಹಿತ ಪಾಲುದಾರಿಕೆಯಲ್ಲಿ ಆರಂಭಿಸಿದ್ದು. 2017ರಲ್ಲಿ ಅಣ್ಣ ತೀರಿಕೊಂಡ ಮೇಲೆ ಸ್ಟಾಂಪ್ ಕಾಗದದ ಮೇಲೆ ಬರೆದು ಅತ್ತಿಗೆಯವರನ್ನು ಪಾಲುದಾರರನ್ನಾಗಿ ಸೇರಿಸಿಕೊಂಡೆವು. ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ವಹಿವಾಟು ವರ್ಷಕ್ಕೆ ಸುಮಾರು ₹9 ಕೋಟಿ, ಕೆಲಸಗಾರರು ನಲವತ್ತು ಮಂದಿ. ಈಗ ಪುಣೆಯ ಕಂಪನಿಯೊಂದು ನಮ್ಮನ್ನು ‘ವಿಲೀನ’ ಮಾಡಿಕೊಳ್ಳಲು ಮುಂದೆ ಬಂದಿದೆ. ಮೊದಲು ನಾವು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಬೇಕಂತೆ, ಬಳಿಕ ಶೇ 74ರಷ್ಟು ಷೇರುಗಳನ್ನು ಅವರು ₹11 ಕೋಟಿಗೆ ಕೊಳ್ಳುತ್ತಾರಂತೆ. ಅದರಲ್ಲಿ ₹3 ಕೋಟಿಯನ್ನು ಮುಂದಿನ ಮೂರು ವರ್ಷಗಳ ಲಾಭ ನೋಡಿ ಕೊಡುತ್ತಾರೆ. ಎರಡು ಪುಟದ ಪತ್ರ ಕಳುಹಿಸಿ, ಹತ್ತು ದಿನದಲ್ಲಿ ಸಹಿ ಹಾಕಿಕೊಡಿ ಎಂದಿದ್ದಾರೆ. ತಮ್ಮ ವಕೀಲರೇ ಎರಡೂ ಕಡೆಯ ಕಾಗದಪತ್ರ ನೋಡಿಕೊಳ್ಳುವುದರಿಂದ ನಮಗೆ ಖರ್ಚಿಲ್ಲ ಎನ್ನುತ್ತಾರೆ. ನಮ್ಮ ಲೆಕ್ಕಪರಿಶೋಧಕರು ‘ಕಂಪನಿ ಮಾಡಲು ಎರಡು ವಾರ ಸಾಕು, ವಕೀಲರು ಯಾಕೆ?’ ಎಂದು ಕೇಳುತ್ತಾರೆ. ವಕೀಲರು ಬಂದರೆ ವ್ಯವಹಾರವೇ ಮುರಿದುಬೀಳುತ್ತದೆ ಎಂಬುದು ಸ್ನೇಹಿತನ ಭಯ. ನಮಗೆ ನಿಜಕ್ಕೂ ವಕೀಲರು ಬೇಕೆ? ಬೇಕಾದರೆ ಎಂಥವರು, ಯಾವ ಹಂತದಲ್ಲಿ, ಖರ್ಚು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಕೀಲರು ಬೇಕೇ ಬೇಡವೇ ಎಂದು ನೀವು ಕೇಳಿದ್ದೀರಿ. ಅದರ ಹಿಂದಿರುವ ಆತಂಕ, ಮೂವತ್ತು ವರ್ಷ ಕಟ್ಟಿದ್ದು ಒಂದು ಸಹಿಯಲ್ಲಿ ಕೈಬಿಟ್ಟು ಹೋದೀತೇ ಎಂಬುದು. ಎರಡು ದಶಕಗಳಿಂದ ಇಂಥ ಕೊಡುಕೊಳ್ಳುವ ವ್ಯವಹಾರಗಳ ಕರಾರುಗಳನ್ನೇ ಬರೆಯುತ್ತ ಬಂದವನಾಗಿ ಹೇಳುತ್ತೇನೆ: ವಕೀಲರು ಬೇಕು, ನಿಮ್ಮವರೇ ಆದ ವಕೀಲರು ಬೇಕು, ಅದೂ ಆ ಎರಡು ಪುಟಗಳಿಗೆ ಸಹಿ ಹಾಕುವ ಮೊದಲೇ. ನನ್ನ ವೃತ್ತಿಯವರಿಗೆ ಕೆಲಸ ಸಿಗಲಿ ಎಂದು ಹೀಗೆ ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಮೂರು ವಿಷಯಗಳು ನನಗೆ ಎದ್ದು ಕಂಡವು. ಅವು ಯಾವುವೆಂದು ಹೇಳುತ್ತ ಹೋಗುತ್ತೇನೆ.

ಮೊದಲು ನಿಮ್ಮ ಲೆಕ್ಕಪರಿಶೋಧಕರ ಮಾತು. ಹೊಸದಾಗಿ ಕಂಪನಿ ಕಟ್ಟುವವರ ಮಟ್ಟಿಗೆ ಅವರು ಹೇಳಿದ್ದು ಸರಿ. 2020ರಿಂದ ‘ಸ್ಪೈಸ್ ಪ್ಲಸ್’ ಎಂಬ ಒಂದೇ ಅರ್ಜಿಯಲ್ಲಿ ಹೆಸರು, ನೋಂದಣಿ, ಪ್ಯಾನ್, ಟ್ಯಾನ್, ಭವಿಷ್ಯನಿಧಿ ಎಲ್ಲವೂ ಆಗುತ್ತದೆ. ಕನಿಷ್ಠ ಬಂಡವಾಳದ ಷರತ್ತನ್ನು 2015ರಲ್ಲೇ ತೆಗೆದುಹಾಕಿದ್ದಾರೆ. ಇಬ್ಬರು ಗೆಳೆಯರು ಹೊಸ ಉದ್ಯಮಕ್ಕೆ ಕಂಪನಿ ಮಾಡಿಕೊಳ್ಳಲು ವಕೀಲರನ್ನು ಹುಡುಕಬೇಕಿಲ್ಲ, ಒಳ್ಳೆಯ ಲೆಕ್ಕಪರಿಶೋಧಕರೋ ಕಂಪನಿ ಸೆಕ್ರೆಟರಿಯೋ ಸಾಕು. ನಾನೇ ಎಷ್ಟೋ ಜನರಿಗೆ ಹೀಗೆ ಹೇಳಿ ಕಳುಹಿಸಿದ್ದೇನೆ.

ಆದರೆ ನೀವು ಕಟ್ಟುತ್ತಿರುವುದು ಹೊಸ ಕಂಪನಿಯನ್ನಲ್ಲ. ಇರುವ ಪಾಲುದಾರಿಕೆ ಸಂಸ್ಥೆಯನ್ನು, ಅದರ ಆಸ್ತಿ, ಸಾಲ, ಕೆಲಸಗಾರರ ಸಮೇತ, ಕಂಪನಿ ಕಾಯ್ದೆಯ 366ನೇ ಸೆಕ್ಷನ್ ಪ್ರಕಾರ ಕಂಪನಿಯಾಗಿ ಬದಲಾಯಿಸುತ್ತಿದ್ದೀರಿ. ಅದಕ್ಕೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಒಂದು ಇಂಗ್ಲಿಷ್ ಮತ್ತು ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ 21 ದಿನ ಕಾಯಬೇಕು. ಆ ಮೇಲೆ ಕಂಪನಿ ರಿಜಿಸ್ಟ್ರಾರ್ ಕಚೇರಿಯ ಪರಿಶೀಲನೆ. ಎರಡು ವಾರದಲ್ಲಿ ಮುಗಿಯುವ ಕೆಲಸ ಇದಲ್ಲ. ಹಾಗೆಂದು ಕಾಲ ಹಿಡಿಯುತ್ತದೆ ಎಂಬುದು ದೊಡ್ಡ ತೊಂದರೆಯೂ ಅಲ್ಲ. ದೊಡ್ಡ ತೊಂದರೆ ಇರುವುದು ತೆರಿಗೆಯಲ್ಲಿ.

ಪಾಲುದಾರಿಕೆಯನ್ನು ಕಂಪನಿಯಾಗಿಸುವಾಗ ಸಂಸ್ಥೆಯ ಆಸ್ತಿಯೆಲ್ಲ ಕಂಪನಿಗೆ ಹೋಗುತ್ತದಲ್ಲ, ಅದನ್ನು ‘ವರ್ಗಾವಣೆ’ ಎಂದು ಪರಿಗಣಿಸಿ ತೆರಿಗೆ ಹಾಕಬಾರದು ಎಂದು ಆದಾಯ ತೆರಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ವಿನಾಯಿತಿಗೆ ಷರತ್ತುಗಳಿವೆ. ಎಲ್ಲ ಪಾಲುದಾರರೂ ತಮ್ಮ ಬಂಡವಾಳದ ಪ್ರಮಾಣದಲ್ಲೇ ಷೇರುದಾರರಾಗಬೇಕು. ಷೇರು ಬಿಟ್ಟು ಬೇರಾವ ಲಾಭವನ್ನೂ ಪಡೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಪಾಲುದಾರರೆಲ್ಲ ಸೇರಿ ಕಂಪನಿಯಲ್ಲಿ ಕನಿಷ್ಠ ಶೇ 50ರಷ್ಟು ಮತದ ಹಕ್ಕನ್ನು ಐದು ವರ್ಷ ಉಳಿಸಿಕೊಂಡಿರಬೇಕು.

ಪುಣೆಯವರ ಯೋಜನೆಯಲ್ಲಿ ನೀವು ಕಂಪನಿಯಾದ ಕೂಡಲೇ ಶೇ 74ರಷ್ಟು ಮಾರುತ್ತೀರಿ, ನಿಮ್ಮ ಮೂವರ ಕೈಯಲ್ಲಿ ಶೇ 26 ಉಳಿಯುತ್ತದೆ. ಅಂದೇ ಷರತ್ತು ಮುರಿಯಿತು. ಕಂಪನಿಯಾಗುವಾಗ ಬಿಟ್ಟಿದ್ದ ತೆರಿಗೆ ಈಗ ಕಂಪನಿಯ ತಲೆಯ ಮೇಲೆ ಬರುತ್ತದೆ. ಕಂಪನಿ ಈಗ ಅವರದಲ್ಲವೇ, ಅವರೇ ಕಟ್ಟಲಿ ಎಂದು ನಿಮಗೆ ಅನ್ನಿಸಬಹುದು. ಅವರು ಬರೆಯುವ ಕರಾರಿನಲ್ಲಿ ಖಂಡಿತವಾಗಿ ‘ಹಳೆಯ ತೆರಿಗೆ ಏನೇ ಬಂದರೂ ಮಾರಾಟಗಾರರು ತುಂಬಿಕೊಡತಕ್ಕದ್ದು’ ಎಂಬ ಇಂಡೆಮ್ನಿಟಿ ಷರತ್ತು ಇರುತ್ತದೆ. ಹಾಗಾಗಿ ಅದು ಸುತ್ತಿ ಬಳಸಿ ನಿಮ್ಮ ಮೂವರ ಮನೆಗೇ ಬರುತ್ತದೆ. ಇದರ ಜೊತೆಗೆ ಷೇರು ಮಾರಿದ ಲಾಭಕ್ಕೂ ನೀವು ತೆರಿಗೆ ಕಟ್ಟಬೇಕು. ಷೇರುಪೇಟೆಯಲ್ಲಿ ಪಟ್ಟಿಯಾಗದ ಕಂಪನಿಯ ಷೇರುಗಳನ್ನು 24 ತಿಂಗಳು ಇಟ್ಟುಕೊಳ್ಳದೆ ಮಾರಿದರೆ ಅದು ಅಲ್ಪಾವಧಿ ಲಾಭ. ಅದಕ್ಕೆ ನಿಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ, ಈ ಮೊತ್ತಕ್ಕೆ ಬಹುಪಾಲು ಶೇ 30 ಮತ್ತು ಮೇಲಿನ ಸರ್ಚಾರ್ಜ್. ಮೂವತ್ತು ವರ್ಷದ ದುಡಿಮೆಯನ್ನು ಕಾನೂನು ಮೂರು ತಿಂಗಳ ಹೂಡಿಕೆಯಂತೆ ನೋಡುತ್ತದೆ.

ಇದೆಲ್ಲ ನಿಮ್ಮ ಲೆಕ್ಕಪರಿಶೋಧಕರಿಗೆ ಗೊತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಕಂಪನಿ ಮಾಡಿಕೊಡಿ ಎಂದು ಅವರನ್ನು ಕೇಳಿದ್ದೀರಿ, ಅವರು ಅಷ್ಟಕ್ಕೆ ಉತ್ತರ ಕೊಟ್ಟಿದ್ದಾರೆ. ಕಂಪನಿಯಾದ ಮರುತಿಂಗಳೇ ಮಾರಾಟ ಎಂಬುದನ್ನು ಅವರ ಮುಂದೆ ಇಟ್ಟಿದ್ದೀರೋ ಇಲ್ಲವೋ ಪತ್ರದಿಂದ ತಿಳಿಯಲಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ನಷ್ಟ ಆಗುವುದು ಇಲ್ಲೇ. ಒಂದೊಂದು ಹೆಜ್ಜೆಯನ್ನೂ ಯಾರೋ ಒಬ್ಬರು ಸರಿಯಾಗಿಯೇ ಇಟ್ಟಿರುತ್ತಾರೆ, ಹೆಜ್ಜೆಗಳ ಕ್ರಮವನ್ನು ಯಾರೂ ನೋಡಿರುವುದಿಲ್ಲ. ಕ್ರಮವನ್ನು ನೋಡುವವರೇ ವ್ಯವಹಾರದ ವಕೀಲರು.

ಇನ್ನು ‘ವಿಲೀನ’ ಎಂಬ ಪದ. ಕಾನೂನಿನಲ್ಲಿ ವಿಲೀನ ಎಂದರೆ ಕಂಪನಿ ಕಾಯ್ದೆಯ 230ರಿಂದ 232ರವರೆಗಿನ ಸೆಕ್ಷನ್‌ಗಳ ಪ್ರಕಾರ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ಹೋಗಿ, ಷೇರುದಾರರ ಮತ್ತು ಸಾಲ ಕೊಟ್ಟವರ ಸಭೆ ನಡೆಸಿ, ಮೌಲ್ಯದಲ್ಲಿ ನಾಲ್ಕನೇ ಮೂರು ಪಾಲಿನ ಒಪ್ಪಿಗೆ ಪಡೆದು, ಒಂದು ಕಂಪನಿ ಇನ್ನೊಂದರಲ್ಲಿ ಸೇರಿಹೋಗುವುದು. ಮೂವರು ಪಾಲುದಾರರ ಸಂಸ್ಥೆಗೆ ಆ ದಾರಿಯೇ ಇಲ್ಲ. ನಿಮ್ಮದು ಖರೀದಿ, ನೀವು ಮಾರಾಟಗಾರರು. ಪದದ ಹಟ ನನಗಿಲ್ಲ, ಆದರೆ ‘ವಿಲೀನ’ ಎಂದಾಗ ಇಬ್ಬರೂ ಒಂದೇ ಕಡೆ ಇದ್ದೇವೆ ಎಂಬ ಭಾವನೆ ಬರುತ್ತದೆ. ‘ನಮ್ಮ ವಕೀಲರೇ ನಿಮ್ಮದನ್ನೂ ನೋಡಿಕೊಳ್ಳುತ್ತಾರೆ’ ಎಂಬ ಮಾತು ಸಹಜವಾಗಿ ಕೇಳಿಸುವುದು ಆ ಭಾವನೆಯಿಂದಲೇ. ಬೆಲೆ ಎಷ್ಟು, ಹಣ ಯಾವಾಗ, ತಪ್ಪು ಕಂಡರೆ ಯಾರು ತುಂಬಬೇಕು ಎಂಬ ಮೂರರಲ್ಲೂ ಅವರ ಲಾಭ ನಿಮ್ಮ ನಷ್ಟ. ಒಬ್ಬರ ಪರವಾಗಿ ನಿಂತ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಪುಣೆಯ ವಕೀಲರು ಪ್ರಾಮಾಣಿಕರೇ ಇರಬಹುದು. ಅವರ ಪ್ರಾಮಾಣಿಕತೆ ಸಲ್ಲಬೇಕಾದದ್ದು ಅವರ ಕಕ್ಷಿದಾರರಿಗೆ.

ನನಗೆ ಎದ್ದು ಕಂಡ ಎರಡನೆಯ ವಿಷಯ ನಿಮ್ಮ ಅಣ್ಣನ ಪಾಲು. ಇದನ್ನು ಬರೆಯುವಾಗ ನಿಮಗೆ ನೋವಾಗಬಾರದೆಂದು ಬಯಸುತ್ತೇನೆ, ಆದರೆ ಬರೆಯದೆ ಬಿಡಲಾರೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಪಾಲುದಾರರೊಬ್ಬರ ಸಾವಿನೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. 1996ರ ನಿಮ್ಮ ಕರಾರುಪತ್ರದಲ್ಲಿ ‘ಸಾವಿನ ನಂತರವೂ ಸಂಸ್ಥೆ ಮುಂದುವರಿಯತಕ್ಕದ್ದು’ ಎಂಬ ಸಾಲು ಇದೆಯೇ ಎಂದು ಇವತ್ತೇ ತೆಗೆದು ನೋಡಿ. ಇದ್ದರೂ ಅಷ್ಟಕ್ಕೆ ಮುಗಿಯುವುದಿಲ್ಲ. ಉಯಿಲು ಇಲ್ಲದಿದ್ದರೆ ಅಣ್ಣನ ಬಂಡವಾಳದ ಮೇಲಿನ ಹಕ್ಕು ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅತ್ತಿಗೆಯವರಿಗೆ, ಇಬ್ಬರು ಹೆಣ್ಣುಮಕ್ಕಳಿಗೆ, ಅಂದು ಬದುಕಿದ್ದರೆ ನಿಮ್ಮ ತಾಯಿಗೆ ಸಮನಾಗಿ ಹೋಗಿದೆ. ಅತ್ತಿಗೆಯವರೊಬ್ಬರನ್ನೇ ಪಾಲುದಾರರನ್ನಾಗಿ ಮಾಡಿಕೊಂಡ ಮಾತ್ರಕ್ಕೆ ಮಕ್ಕಳ ಹಕ್ಕು ಅಳಿಯಲಿಲ್ಲ. ತೀರಿಹೋದವರ ಲೆಕ್ಕ ಚುಕ್ತಾ ಮಾಡದೆ ಉಳಿದವರು ಅದೇ ಆಸ್ತಿಯಲ್ಲಿ ವ್ಯಾಪಾರ ಮುಂದುವರಿಸಿದರೆ, ವಾರಸುದಾರರು ಆ ನಂತರದ ಲಾಭದಲ್ಲಿ ಪಾಲನ್ನೋ ವರ್ಷಕ್ಕೆ ಶೇ 6ರ ಬಡ್ಡಿಯನ್ನೋ, ಯಾವುದು ತಮಗೆ ಅನುಕೂಲವೋ ಅದನ್ನು ಕೇಳಬಹುದು ಎಂದು ಪಾಲುದಾರಿಕೆ ಕಾಯ್ದೆಯ 37ನೇ ಸೆಕ್ಷನ್ ಹೇಳುತ್ತದೆ. 2017ರಿಂದ ಇಲ್ಲಿಯವರೆಗೆ ಎಣಿಸಿ ನೋಡಿ.

ಹೆಣ್ಣುಮಕ್ಕಳು ಕೇಳುವವರಲ್ಲ ಎಂದು ನೀವು ಹೇಳಬಹುದು, ನಾನು ನಂಬುತ್ತೇನೆ. ಕೊಳ್ಳುವವರು ನಂಬುವುದಿಲ್ಲ. ‘ಡ್ಯೂ ಡಿಲಿಜೆನ್ಸ್’ ಎಂಬ ತಪಾಸಣೆಯಲ್ಲಿ ಅವರ ವಕೀಲರು ಮೊದಲ ವಾರದಲ್ಲೇ ಇದನ್ನು ಹಿಡಿಯುತ್ತಾರೆ. ಆಮೇಲೆ ಎರಡರಲ್ಲಿ ಒಂದು ನಡೆಯುತ್ತದೆ: ಬೆಲೆ ಇಳಿಯುತ್ತದೆ, ಇಲ್ಲವೇ ಹಣದ ದೊಡ್ಡ ಭಾಗವನ್ನು ವರ್ಷಗಟ್ಟಲೆ ತಡೆಹಿಡಿಯುತ್ತಾರೆ. ಅವರು ಕಂಡುಹಿಡಿಯುವ ಮೊದಲೇ ನಿಮ್ಮ ವಕೀಲರು ಕಂಡುಹಿಡಿದು, ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, ಅವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ಕೊಟ್ಟು ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡರೆ ಇದು ಮನೆಯೊಳಗೇ ಬಗೆಹರಿಯುತ್ತದೆ. ವ್ಯವಹಾರ ಅರ್ಧಕ್ಕೆ ಬಂದ ಮೇಲೆ ಗೊತ್ತಾದರೆ ಮನೆಯ ವಿಷಯ ಪುಣೆಯ ಮೇಜಿನ ಮೇಲೆ ಚರ್ಚೆಯಾಗುತ್ತದೆ. ಪಾಲುದಾರರ ಬದಲಾವಣೆಯನ್ನು ಸಂಸ್ಥೆಗಳ ರಿಜಿಸ್ಟ್ರಾರ್ ಕಚೇರಿಯ ದಾಖಲೆಗೆ ತಂದಿದ್ದೀರೋ ನೋಡಿ. ತಂದಿಲ್ಲದಿದ್ದರೆ ಅದೂ ಈಗಲೇ ಆಗಬೇಕು, ಏಕೆಂದರೆ ರಿಜಿಸ್ಟರಿನಲ್ಲಿ ಹೆಸರಿಲ್ಲದ ಪಾಲುದಾರರಿರುವ ಸಂಸ್ಥೆ ನಾಳೆ ಯಾರ ಮೇಲಾದರೂ ದಾವೆ ಹೂಡಬೇಕಾದರೆ ಅದೇ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಅಡ್ಡ ಬರುತ್ತದೆ.

ಮೂರನೆಯದು ನೀವು ಬರೆಯದೇ ಬಿಟ್ಟ ವಿಷಯ. ಒಂಬತ್ತು ಕೋಟಿ ವಹಿವಾಟಿನ ಕಾರ್ಖಾನೆಗೆ ಬ್ಯಾಂಕ್ ಸಾಲ ಇದ್ದೇ ಇರುತ್ತದೆ. ಆ ಸಾಲಕ್ಕೆ ನಿಮ್ಮ ವೈಯಕ್ತಿಕ ಜಾಮೀನು, ಬಹುಶಃ ಮನೆಯ ಅಡಮಾನವೂ ಇರುತ್ತದೆ. ‘ಕಂಪನಿಯಾದರೆ ಹೊಣೆ ಸೀಮಿತ, ಮನೆ ಸುರಕ್ಷಿತ’ ಎಂದು ಬಹಳ ಜನ ತಿಳಿದಿದ್ದಾರೆ. ಕಂಪನಿಯ ಸಾಲಕ್ಕೆ ಷೇರುದಾರರು ಹೊಣೆಯಲ್ಲ ಎಂಬುದು ನಿಜ. ಜಾಮೀನು ಪತ್ರಕ್ಕೆ ಸಹಿ ಹಾಕಿದವರು ಮಾತ್ರ ಹೊಣೆಗಾರರಾಗಿಯೇ ಉಳಿಯುತ್ತಾರೆ. ಸಂಸ್ಥೆ ಕಂಪನಿಯಾದರೂ, ಕಂಪನಿ ಬೇರೆಯವರ ಕೈಗೆ ಹೋದರೂ ಬ್ಯಾಂಕ್ ಲಿಖಿತವಾಗಿ ಬಿಡುಗಡೆ ಮಾಡುವವರೆಗೆ ಆ ಜಾಮೀನು ಜೀವಂತ. ಜಾಮೀನುದಾರರ ಮೇಲೆ ದಿವಾಳಿ ಕಾನೂನಿನಡಿ ಕ್ರಮ ಕೈಗೊಳ್ಳಬಹುದೆಂದು 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಬಹಳ ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಕುಟುಂಬ ನನ್ನ ಬಳಿ ಬಂತು. ಆಹಾರ ಪದಾರ್ಥಗಳ ಪ್ಯಾಕಿಂಗ್ ಘಟಕವನ್ನು ಮಾರಿ ಮೂರು ವರ್ಷವಾಗಿತ್ತು. ಒಳ್ಳೆಯ ಬೆಲೆಯೇ ಬಂದಿತ್ತು, ಮಕ್ಕಳ ಮದುವೆಯೂ ಆಗಿತ್ತು. ಒಂದು ದಿನ, ಸಾಲ ಕಟ್ಟದಿದ್ದರೆ ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ, 60 ದಿನಗಳ ನೋಟಿಸ್ ಮನೆ ಬಾಗಿಲಿಗೆ ಬಂತು. ಕೊಂಡವರು ಸಾಲ ಕಟ್ಟಿರಲಿಲ್ಲ, ಅಡಮಾನದಲ್ಲಿದ್ದ ಮನೆ ಇನ್ನೂ ಇವರದೇ ಆಗಿತ್ತು. ಮಾರಾಟದ ಕರಾರಿನಲ್ಲಿ ‘ಕೊಳ್ಳುವವರು ಜಾಮೀನು ಬದಲಾಯಿಸಲು ಪ್ರಯತ್ನಿಸತಕ್ಕದ್ದು’ ಎಂದು ಒಂದು ಸಾಲು ಇತ್ತು. ಕರಾರು ಬರೆದದ್ದು ಕೊಂಡವರ ವಕೀಲರು. ‘ಪ್ರಯತ್ನಿಸತಕ್ಕದ್ದು’ ಎಂಬ ಪದಕ್ಕೂ ‘ಬ್ಯಾಂಕಿನ ಬಿಡುಗಡೆ ಪತ್ರ ಕೈಗೆ ಬಂದ ಮೇಲೆಯೇ ಷೇರು ವರ್ಗಾವಣೆ’ ಎಂಬ ಮಾತಿಗೂ ನಡುವೆ ಒಂದು ಮನೆ ಇತ್ತು. ಅದನ್ನು ಉಳಿಸಿಕೊಳ್ಳಲು ಅವರು ಮಾರಾಟದ ಹಣದ ಬಹುಭಾಗವನ್ನು ಬ್ಯಾಂಕಿಗೆ ಕಟ್ಟಿದರು. ಆ ಮನೆಯ ಹಿರಿಯರು ನನ್ನ ಕಚೇರಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿಕೊಂಡದ್ದು ಇವತ್ತಿಗೂ ನೆನಪಿದೆ. ಅಂದಿನಿಂದ ಮಾರಾಟಗಾರರ ಪರ ನಾನು ಬರೆಯುವ ಪ್ರತಿ ಕರಾರಿನಲ್ಲೂ ಮೊದಲು ಬರೆಯುವುದು ಈ ಷರತ್ತನ್ನು.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ಪುಣೆಯವರು ಹೇಳಿದಂತೆ ಕಂಪನಿಯಾಗಿ ಷೇರು ಮಾರುವುದು ಒಂದು. ಅವರಿಗೆ ಇದು ಸುಲಭ, ಏಕೆಂದರೆ ಷೇರು ವರ್ಗಾವಣೆಗೆ ಸ್ಟಾಂಪ್ ಶುಲ್ಕ ಶೇ 0.015 ಮಾತ್ರ. ನಿಮಗೆ ಇದರ ತೆರಿಗೆಯ ಭಾರವನ್ನು ಮೇಲೆ ವಿವರಿಸಿದ್ದೇನೆ.

ಎರಡನೆಯದು, ಪಾಲುದಾರಿಕೆ ಸಂಸ್ಥೆಯೇ ತನ್ನ ಇಡೀ ಉದ್ಯಮವನ್ನು ಒಂದು ಗಂಟಾಗಿ, ಒಂದು ಮೊತ್ತಕ್ಕೆ, ಪುಣೆಯವರು ಕಟ್ಟುವ ಹೊಸ ಕಂಪನಿಗೆ ಮಾರುವುದು. ಇದನ್ನು ಸ್ಲಂಪ್ ಸೇಲ್ ಎನ್ನುತ್ತಾರೆ. ಮೂರು ವರ್ಷಕ್ಕಿಂತ ಹಳೆಯ ಉದ್ಯಮವಾದ್ದರಿಂದ ಇದು ದೀರ್ಘಾವಧಿ ಲಾಭ. 2024ರ ಜುಲೈ 23ರಿಂದ ಇದರ ದರ ಶೇ 12.5, ಮೇಲೆ ಸರ್ಚಾರ್ಜ್ ಮತ್ತು ಸೆಸ್. ಸಂಸ್ಥೆ ತೆರಿಗೆ ಕಟ್ಟಿದ ಮೇಲೆ ಪಾಲುದಾರರಿಗೆ ಬರುವ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. ನಡೆಯುತ್ತಿರುವ ಉದ್ಯಮವನ್ನು ಹಾಗೆಯೇ ವರ್ಗಾಯಿಸಿದರೆ ಜಿಎಸ್‌ಟಿಯಿಂದಲೂ ವಿನಾಯಿತಿ ಇದೆ. ನೀವು ಶೇ 26ರ ಪಾಲು ಉಳಿಸಿಕೊಳ್ಳಬೇಕೆಂದಿದ್ದರೆ ಬಂದ ಹಣದಲ್ಲಿ ಹೊಸ ಕಂಪನಿಯ ಷೇರು ಕೊಳ್ಳಬಹುದು. ತೊಂದರೆಗಳೂ ಇವೆ. ಭೂಮಿ ಕೈಬದಲಾಗುವುದರಿಂದ ಸ್ಟಾಂಪ್ ಶುಲ್ಕ ದೊಡ್ಡದಾಗುತ್ತದೆ, ಪುಣೆಯವರು ಗೊಣಗುವುದು ಇಲ್ಲಿಯೇ. ಗ್ರಾಹಕರ ಒಪ್ಪಂದ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಕಾರ್ಖಾನೆ ಪರವಾನಗಿ ಎಲ್ಲವನ್ನೂ ಹೊಸ ಹೆಸರಿಗೆ ಮಾಡಿಸಬೇಕು. ಕೆಲಸಗಾರರ ಸೇವಾವಧಿ ಮುರಿಯದಂತೆ, ಹಳೆಯ ವರ್ಷಗಳ ಗ್ರ್ಯಾಚುಟಿ ಹೊಣೆ ಯಾರದೆಂದು ಬರೆದು ವರ್ಗಾಯಿಸಬೇಕು. ನಲವತ್ತು ಮನೆಗಳ ಮಾತು ಅದು, ಕೊನೆಯ ದಿನಕ್ಕೆ ಬಿಡಬೇಡಿ.

ಮೂರನೆಯದು, ಕಂಪನಿಯಾಗಿ ಈಗ ಶೇ 49ರಷ್ಟು ಮಾತ್ರ ಮಾರಿ, ಉಳಿದದ್ದನ್ನು ಐದು ವರ್ಷದ ನಂತರಕ್ಕೆ ಇಟ್ಟುಕೊಳ್ಳುವುದು. ತೆರಿಗೆಯ ವಿನಾಯಿತಿ ಉಳಿಯುತ್ತದೆ, ಹಣ ಮಾತ್ರ ತಡವಾಗಿ ಬರುತ್ತದೆ. ಐದು ವರ್ಷ ಇಬ್ಬರು ಯಜಮಾನರ ಮನೆಯಾಗುವ ಅಪಾಯವೂ ಇದೆ. ನಿಮಗೆ ಇನ್ನೂ ಹುಮ್ಮಸ್ಸಿದ್ದು, ಮುಂದಿನ ಬೆಲೆಯ ಸೂತ್ರವನ್ನು ಈಗಲೇ ಬಿಗಿಯಾಗಿ ಬರೆದುಕೊಳ್ಳಬಲ್ಲಿರಾದರೆ ಮಾತ್ರ ಇದನ್ನು ಯೋಚಿಸಿ. ಪುಣೆಯವರನ್ನು ಪಾಲುದಾರರನ್ನಾಗಿ ಸೇರಿಸಿಕೊಳ್ಳುವ ದಾರಿಯನ್ನು ಯಾರಾದರೂ ಹೇಳಿದರೆ ಬೇಡ ಎನ್ನಿ. ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆಲ್ಲ ಎಲ್ಲರೂ ಹೊಣೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯ ದಾರಿಯನ್ನು ಮೊದಲು ಲೆಕ್ಕ ಹಾಕಿಸುತ್ತಿದ್ದೆ. ಸ್ಟಾಂಪ್ ಶುಲ್ಕವನ್ನು ನೀವೇ ಅರ್ಧ ಹೊತ್ತರೂ ಮೊದಲನೆಯ ದಾರಿಯ ತೆರಿಗೆಗಿಂತ ಕಡಿಮೆಯಾಗಬಹುದು. ಅಂಕಿಗಳನ್ನು ನಿಮ್ಮ ಲೆಕ್ಕಪರಿಶೋಧಕರೇ ಹಾಕಬೇಕು, ಆದಾಯ ತೆರಿಗೆಯ ಅಭಿಪ್ರಾಯವನ್ನು ಲಿಖಿತವಾಗಿಯೇ ಪಡೆಯಬೇಕು. ಯಾವ ದಾರಿ ಹಿಡಿದರೂ ಕೆಐಎಡಿಬಿಯ ಕಾಗದ ಮೊದಲು ತೆಗೆಯಿರಿ. ನಿಮ್ಮದು ಇನ್ನೂ ಗುತ್ತಿಗೆ ಹಾಗೂ ಮಾರಾಟದ ಕರಾರಿನಲ್ಲಿದೆಯೋ, ಕ್ರಯಪತ್ರವೇ ಆಗಿದೆಯೋ? ಗುತ್ತಿಗೆಯ ಹಂತದಲ್ಲಿದ್ದರೆ ಸಂಸ್ಥೆಯ ಸ್ವರೂಪ ಬದಲಾವಣೆಗೂ ವರ್ಗಾವಣೆಗೂ ಮಂಡಳಿಯ ಪೂರ್ವಾನುಮತಿ ಬೇಕು, ಶುಲ್ಕವೂ ಉಂಟು. ಎಲ್ಲ ಮುಗಿದ ಮೇಲೆ ಅನುಮತಿಗೆ ಅರ್ಜಿ ಹಾಕಿದವರು ಓಡಾಡಿದ್ದನ್ನು ನೋಡಿದ್ದೇನೆ.

ಎರಡು ಪುಟದ ಪತ್ರಕ್ಕೆ ಬರುತ್ತೇನೆ. ಅದನ್ನು ‘ಟರ್ಮ್ ಶೀಟ್’ ಎನ್ನುತ್ತಾರೆ. ‘ಇದು ಬದ್ಧತೆಯಿಲ್ಲದ ಪತ್ರ’ ಎಂದು ಮೇಲೆ ಬರೆದಿರುತ್ತಾರೆ, ಕೆಳಗೆ ‘ಈ ಕೆಳಗಿನ ಷರತ್ತುಗಳನ್ನು ಹೊರತುಪಡಿಸಿ’ ಎಂದು ಸೇರಿಸಿರುತ್ತಾರೆ. ಹಾಗೆ ಹೊರತುಪಡಿಸಿದ್ದರಲ್ಲೇ ಎಲ್ಲ ಇರುತ್ತದೆ: ಇಂತಿಷ್ಟು ತಿಂಗಳು ಬೇರೆ ಯಾರೊಂದಿಗೂ ಮಾತಾಡಬಾರದು, ವ್ಯವಹಾರ ಮುರಿದರೆ ಅವರ ತಪಾಸಣೆಯ ಖರ್ಚು ನೀವು ಕೊಡಬೇಕು, ವ್ಯಾಜ್ಯ ಬಂದರೆ ಪುಣೆಯಲ್ಲಿ ಪಂಚಾಯ್ತಿ. ಇವು ಸಹಿ ಹಾಕಿದ ಕ್ಷಣದಿಂದ ನಿಮ್ಮನ್ನು ಕಟ್ಟುತ್ತವೆ. ಬದ್ಧತೆಯಿಲ್ಲದ ಭಾಗವೂ ಹಗುರವಲ್ಲ. ಅಲ್ಲಿ ಒಪ್ಪಿದ ಮಾತನ್ನು ಆಮೇಲೆ ಬದಲಿಸ ಹೊರಟರೆ ‘ಅಂದು ಒಪ್ಪಿದ್ದಿರಲ್ಲ’ ಎನ್ನುತ್ತಾರೆ. ಷೇರು ಮಾರಾಟವೋ ಉದ್ಯಮ ಮಾರಾಟವೋ ಎಂಬುದು ತೀರ್ಮಾನವಾಗುವುದು ಈ ಪತ್ರದಲ್ಲೇ. ವಕೀಲರನ್ನು ಈ ಹಂತದಲ್ಲೇ ಕರೆಯಿರಿ ಎಂದದ್ದು ಅದಕ್ಕೆ.

ಆ ₹3 ಕೋಟಿಯ ಬಗ್ಗೆಯೂ ಒಂದು ಮಾತು. ಲಾಭ ನೋಡಿ ಕೊಡುವ ಹಣವನ್ನು ‘ಅರ್ನ್ ಔಟ್’ ಎನ್ನುತ್ತಾರೆ. ಲಾಭದ ಲೆಕ್ಕ ಬರೆಯುವವರು ಯಾರು? ಶೇ 74 ಅವರದಾದ ಮೇಲೆ ಅವರೇ. ಪುಣೆಯ ಮುಖ್ಯ ಕಚೇರಿಯ ಖರ್ಚಿನ ಪಾಲು, ಹೊಸ ವ್ಯವಸ್ಥಾಪಕರ ಸಂಬಳ, ಸೋದರ ಕಂಪನಿಯಿಂದ ತಂದ ಉಕ್ಕಿನ ದರ, ಎಲ್ಲವನ್ನೂ ಬೆಳಗಾವಿಯ ಲೆಕ್ಕಕ್ಕೆ ಹಾಕಿದರೆ ಲಾಭ ಎಲ್ಲಿಂದ ಬರಬೇಕು? ಲಾಭದ ಬದಲು ಮಾರಾಟದ ಮೊತ್ತವನ್ನು ಅಳತೆಗೋಲು ಮಾಡಿ, ಇಲ್ಲವೇ ಯಾವ ಖರ್ಚುಗಳನ್ನು ಸೇರಿಸಬಾರದು ಎಂದು ಪಟ್ಟಿ ಬರೆಸಿ. ನನ್ನನ್ನು ಕೇಳಿದರೆ ನಿಮ್ಮ ಬೆಲೆ ₹8 ಕೋಟಿ ಎಂದೇ ಎಣಿಸಿ ತೀರ್ಮಾನಿಸಿ.

ಎಂಥ ವಕೀಲರು? ಸಿವಿಲ್ ದಾವೆಗಳಲ್ಲಿ ಪಳಗಿದ ಹಿರಿಯರು ನಿಮ್ಮೂರಿನಲ್ಲಿ ಬಹಳ ಮಂದಿ ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ನಿಮಗೆ ಬೇಕಾದದ್ದು ನ್ಯಾಯಾಲಯದ ವಾದಕ್ಕಿಂತ ಕರಾರು ಬರೆಯುವ ಅನುಭವ. ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಆದ್ದರಿಂದ ಜಾಹೀರಾತಿನಲ್ಲಿ ಮೊದಲು ಕಂಡವರನ್ನು ಹಿಡಿಯಬೇಡಿ. ಉದ್ಯಮ ಮಾರಿದ ಪರಿಚಿತರನ್ನು, ನಿಮ್ಮ ಬ್ಯಾಂಕ್ ವ್ಯವಸ್ಥಾಪಕರನ್ನು, ವಾಣಿಜ್ಯ ಮಂಡಳಿಯವರನ್ನು, ನಿಮ್ಮ ಲೆಕ್ಕಪರಿಶೋಧಕರನ್ನೇ ಕೇಳಿ. ಎರಡು ಮೂರು ಮಂದಿಯನ್ನು ಭೇಟಿಯಾಗಿ. ಇತ್ತೀಚೆಗೆ ಮಾರಾಟಗಾರರ ಪರ ಎಷ್ಟು ವ್ಯವಹಾರ ಮುಗಿಸಿದ್ದೀರಿ, ನನ್ನ ಕರಾರನ್ನು ಬರೆಯುವವರು ನೀವೋ ನಿಮ್ಮ ಕಿರಿಯರೋ, ಈ ಪುಣೆಯ ಕಂಪನಿಗೆ ಎಂದಾದರೂ ಕೆಲಸ ಮಾಡಿದ್ದೀರಾ ಎಂದು ನೇರವಾಗಿ ಕೇಳಿ. ಒಳ್ಳೆಯವರು ಬೇಸರಿಸಿಕೊಳ್ಳುವುದಿಲ್ಲ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ ಕೇಳಬಹುದು. ಕರಾರು ಇಂಗ್ಲಿಷಿನಲ್ಲಿರುತ್ತದೆ, ಆದ್ದರಿಂದ ಪ್ರತಿ ಷರತ್ತನ್ನೂ ನಿಮಗೂ ಅತ್ತಿಗೆಯವರಿಗೂ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಬೇಕು. ‘ಓದದೆ ಸಹಿ ಹಾಕಿದೆ’ ಎಂಬ ವಾದ ಆಮೇಲೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಣ್ಣನ ಪಾಲಿನ ವಿಷಯದಲ್ಲಿ ಅತ್ತಿಗೆಯವರ ಮತ್ತು ನಿಮ್ಮ ಹಿತ ಬೇರೆಯಾಗಬಹುದು. ಆ ಒಂದು ಪತ್ರವನ್ನು ಅವರು ಬೇರೊಬ್ಬ ವಕೀಲರಿಗೆ ತೋರಿಸಲಿ, ಖರ್ಚನ್ನು ಸಂಸ್ಥೆ ಕೊಡಲಿ.

ಶುಲ್ಕವನ್ನು ಹಂತಗಳಾಗಿ ಮಾತಾಡಿ: ಟರ್ಮ್ ಶೀಟ್‌ಗೆ ಇಷ್ಟು, ಒಳ ತಪಾಸಣೆಗೆ ಇಷ್ಟು, ಮುಖ್ಯ ಕರಾರಿಗೆ ಇಷ್ಟು, ಮುಕ್ತಾಯಕ್ಕೆ ಇಷ್ಟು. ವ್ಯವಹಾರ ಮಧ್ಯದಲ್ಲಿ ನಿಂತರೆ ಮುಗಿದ ಹಂತಕ್ಕೆ ಮಾತ್ರ ಕೊಟ್ಟರೆ ಸಾಕು. ಇದನ್ನು ಒಂದು ಪತ್ರದಲ್ಲಿ ಬರೆಸಿಕೊಳ್ಳಿ. ಮಾರಾಟದ ಮೊತ್ತದಲ್ಲಿ ಶೇಕಡಾವಾರು ಕೇಳುವವರು ಬೇಡ. ದಾವೆಯ ಫಲಿತಾಂಶಕ್ಕೆ ಶುಲ್ಕ ಕಟ್ಟುವುದನ್ನು ಪರಿಷತ್ತು ನಿಷೇಧಿಸಿದೆ. ವ್ಯವಹಾರದಲ್ಲೂ ಅದು ಕೆಟ್ಟ ಪದ್ಧತಿ ಎಂಬುದು ನನ್ನ ನಿಲುವು, ಏಕೆಂದರೆ ‘ಈ ಕರಾರಿಗೆ ಸಹಿ ಹಾಕಬೇಡಿ’ ಎಂದು ಹೇಳಬೇಕಾದ ದಿನ ಅಂಥವರು ಬಾಯಿ ಬಿಡಲಾರರು. ವಕೀಲರ ಬಿಲ್‌ನಲ್ಲಿ ಜಿಎಸ್‌ಟಿ ಕಾಣದಿದ್ದರೆ ಮೋಸ ಹೋಗಬೇಡಿ. ನಿಮ್ಮಂಥ ಸಂಸ್ಥೆ ಅದನ್ನು ಶೇ 18ರಂತೆ ತಾನೇ ಕಟ್ಟಬೇಕು.

ಸಿಕ್ಕ ವಕೀಲರಿಗೆ ಎಲ್ಲವನ್ನೂ ಹೇಳಿ. ಕಟ್ಟದ ಭವಿಷ್ಯನಿಧಿ, ಉತ್ತರಿಸದ ಜಿಎಸ್‌ಟಿ ನೋಟಿಸ್, ಪುಸ್ತಕದಲ್ಲಿಲ್ಲದ ಹಣ, ಎಲ್ಲವನ್ನೂ. ಕಕ್ಷಿದಾರರು ಹೇಳಿದ್ದನ್ನು ವಕೀಲರು ಹೊರಗೆಡಹಬಾರದೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಲೆಕ್ಕಪರಿಶೋಧಕರಿಗೆ ವೃತ್ತಿಯ ಗೌಪ್ಯತೆ ಇದೆಯಾದರೂ ಈ ರಕ್ಷಣೆ ಇಲ್ಲ. ಮುಂದೆ ಮಾಡಹೊರಟ ಅಕ್ರಮಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ.

ವಕೀಲರು ವ್ಯವಹಾರ ಮುರಿಯುತ್ತಾರೆ ಎಂಬ ನಿಮ್ಮ ಸ್ನೇಹಿತರ ಭಯಕ್ಕೆ ಆಧಾರವಿಲ್ಲ ಎನ್ನಲಾರೆ. ಪ್ರತಿ ಅಲ್ಪವಿರಾಮಕ್ಕೂ ಜಗಳ ತೆಗೆದು ಎರಡೂ ಕಡೆಯವರನ್ನು ದಣಿಸಿದವರನ್ನು ನಾನು ಕಂಡಿದ್ದೇನೆ. ಅದಕ್ಕೊಂದು ಉಪಾಯ: ಬಿಟ್ಟುಕೊಡಲಾಗದ ವಿಷಯಗಳನ್ನು ಮೊದಲ ದಿನವೇ ವಕೀಲರಿಗೆ ಬರೆದುಕೊಡಿ. ನಿಮ್ಮ ಪಾಲಿಗೆ ಅವು ನಾಲ್ಕು. ಬ್ಯಾಂಕ್ ಜಾಮೀನಿನ ಬಿಡುಗಡೆ ಮುಕ್ತಾಯದ ದಿನವೇ ಆಗಬೇಕು. ಇಂಡೆಮ್ನಿಟಿಗೆ ಮೊತ್ತದ ಮಿತಿಯೂ ಕಾಲದ ಮಿತಿಯೂ ಇರಬೇಕು. ಅರ್ನ್ ಔಟ್ ಲೆಕ್ಕದ ಸೂತ್ರ ಸ್ಪಷ್ಟವಿರಬೇಕು. ಸ್ಪರ್ಧೆ ಮಾಡಬಾರದೆಂಬ ಷರತ್ತಿಗೆ ವರ್ಷ ಮತ್ತು ಪ್ರದೇಶದ ಎಲ್ಲೆ ಇರಬೇಕು. ವ್ಯಾಪಾರದ ಹೆಸರು ಮಾರಿದವರ ಮೇಲೆ ನ್ಯಾಯವಾದ ಮಿತಿಯಲ್ಲಿ ಅಂಥ ನಿರ್ಬಂಧ ಹೇರಲು ಕರಾರು ಕಾಯ್ದೆಯ 27ನೇ ಸೆಕ್ಷನ್ ಅವಕಾಶ ಕೊಡುವುದರಿಂದ ಅದು ಬರೀ ಬೆದರಿಕೆಯಲ್ಲ. ಉಳಿದ ಕಡೆ ಧಾರಾಳವಾಗಿರಲು ಅವರಿಗೆ ಹೇಳಿ.

ಹತ್ತು ದಿನದ ಗಡುವಿಗೆ ಹೆದರಬೇಡಿ, ಅದು ಅವರು ಹಾಕಿಕೊಂಡದ್ದು. ‘ನಿಮ್ಮ ಪ್ರಸ್ತಾಪಕ್ಕೆ ವಂದನೆಗಳು. ನಮಗೆ ಆಸಕ್ತಿ ಇದೆ. ನಮ್ಮ ವಕೀಲರು ಮತ್ತು ಲೆಕ್ಕಪರಿಶೋಧಕರು ಪತ್ರವನ್ನು ನೋಡುತ್ತಿದ್ದಾರೆ, ವ್ಯವಹಾರದ ಸ್ವರೂಪದ ಬಗ್ಗೆ ನಮ್ಮ ಸಲಹೆಯೊಂದಿಗೆ ಮೂರು ವಾರದಲ್ಲಿ ಉತ್ತರಿಸುತ್ತೇವೆ’ ಎಂದು ನಾಳೆಯೇ ಬರೆಯಿರಿ. ಮೂರು ವಾರ ಕಾಯಲಾರದವರು ₹3 ಕೋಟಿಗೆ ಮೂರು ವರ್ಷ ನಿಮ್ಮನ್ನು ಕಾಯಿಸಲು ಕೇಳುತ್ತಿದ್ದಾರೆ. ವಕೀಲರ ಮೊದಲ ಭೇಟಿಗೆ 1996ರ ಕರಾರು, 2017ರ ಪತ್ರ, ಕೆಐಎಡಿಬಿಯ ಹಂಚಿಕೆ ಪತ್ರ, ಬ್ಯಾಂಕಿನ ಮಂಜೂರಾತಿ ಪತ್ರ, ಮೂರು ವರ್ಷದ ಲೆಕ್ಕ ಒಯ್ಯಿರಿ. ಅತ್ತಿಗೆಯವರನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿ.